ಮುಚ್ಚಳದಡಿಯ ಬರ

ಊರೂರಿನ ಮಳೆ ಲೆಕ್ಕ ತಿಂದು, ಕಿಲೋಮೀಟರಿಗೊಂದು ಚೌಕದಂತೆ ಮುಂದಿನ ಐವತ್ತು ವರ್ಷದ ಬರ, ಪ್ರವಾಹ ಹೇಳುವ ಕಂಪ್ಯೂಟರು ನಮ್ಮ ಆಫೀಸಿನದು. ಅದರ ನಕ್ಷೆಯಲ್ಲಿ ಮಳವಳ್ಳಿ ಕಡೆಯ ಒಂದು ಚೌಕ ಮಾತ್ರ ಮರುಭೂಮಿಯಂತೆ ಕೆಂಪಗೆ ಕಾಣುತ್ತಿತ್ತು. ನೋಡಿಬರಲು ಹೋದರೆ ಅಲ್ಲಿ ಜಡಿಮಳೆ; ಜೀಪು ಕೆಸರಿನಲ್ಲಿ ಹೂತುಹೋಯಿತು. ನೆನೆಯುತ್ತಲೇ ಮಳೆಮಾಪಕದ ಹತ್ತಿರ ನಡೆದೆ. ಅದರ ಬಾಯಿಗೆ ಇಡ್ಲಿ ಪಾತ್ರೆಯ ಮುಚ್ಚಳ!

"ಇದನ್ಯಾಕಮ್ಮ ಮುಚ್ಚಿದ್ದೀರಿ?" ಅದನ್ನು ನೋಡಿಕೊಳ್ಳುವ ಜಯಮ್ಮನವರನ್ನು ಕೇಳಿದೆ.

"ಜ್ವಾಪಾನವಾಗಿ ನೋಡ್ಕೊ ಅಂತ ನಿಮ್ಮೋರೇ ಏಳೋದ್ರು ಕಣಪ್ಪ. ಮಳೇಲಿ ನೆಂದು ತುಕ್ಕಿಡುದ್ರೆ ನನ್ನನ್ನೇ ತಾನೆ ಬಯ್ಯೋದು?"

ಆಫೀಸಿಗೆ ಬಂದು ಹೇಳಿದೆ. ಸಾಹೇಬರು ತಲೆ ಎತ್ತಲೂ ಇಲ್ಲ. "ವರದಿ ಅಚ್ಚಾಗಿದೆ ಕಣ್ರೀ. ಕೆಂಪು ಹಾಗೇ ಇರಲಿ."

ಆ ಬರ ನೀಗಿಸಲು ಈಗೊಂದು ಸಮಿತಿಯೂ ಆಗಿದೆ. ಜಯಮ್ಮನವರು ಆ ಬರವನ್ನು ನಾನು ತಿಳಿಸಿ ಹೇಳಿದ ಅವತ್ತೇ ನೀಗಿಸಿ, ಮುಚ್ಚಳ ತೆಗೆದು ತೊಳೆದು ಇಡ್ಲಿಗಿಟ್ಟಿದ್ದರು.