ಕವಾಯತಿನ ಪುಸ್ತಕದಲ್ಲಿ ಎರಡು ಗಿಳಿ

ಬಂದೂಕನ್ನು ಹೆಗಲಿಗೇರಿಸುವುದು ಹೇಗೆ ಎಂದು ಕಲಿಸುವ ಪುಟದಲ್ಲಿ ಯಾರಾದರೂ ಸೀರೆಯ ಅಂಚು ಬಿಡಿಸುತ್ತಾರೆಯೇ?

ಬಿಡಿಸಿದ್ದಾರೆ. ಹೋದ ತಿಂಗಳು ಮಕ್ತಲ್‌ನಲ್ಲಿ ನಾನೇ ನೋಡಿದೆ.

ಅಲ್ಲಿ ಬಸ್ ಸ್ಟ್ಯಾಂಡ್ ಹಿಂದೆ ವಿರೂಪಣ್ಣನ ಹಳೆ ಪುಸ್ತಕದ ಅಂಗಡಿಯಿದೆ. (ಅಂಗಡಿ ಎನ್ನುವುದು ಮರ್ಯಾದೆಗೆ; ತಗಡಿನ ಶೆಡ್ಡು.) ಗದ್ವಾಲಿನಲ್ಲಿ ಸೀರೆ ನೇಯಿಸುತ್ತಿದ್ದ ಸಾಹುಕಾರರೊಬ್ಬರ ಹಳೆಮನೆ ಕೆಡವುವಾಗ ಸಿಕ್ಕ ರದ್ದಿ ಕಾಗದದ ಚೀಲವನ್ನು ಅವನು ಬಿಚ್ಚುತ್ತಿದ್ದ. ಗೈಡು, ಪಂಚಾಂಗಗಳ ನಡುವೆ ರಟ್ಟು ಹರಿದ ಒಂದು ಉರ್ದು ಪುಸ್ತಕ. ವಿರೂಪಣ್ಣನಿಗೆ ಉರ್ದು ಬರುತ್ತದೆ.

"ಕವಾಯತಿನ ಪುಸ್ತಕ ಐತ್ರಿ. ನಿಜಾಮರ ಫೌಜಿಂದು," ಎಂದ.

ಸಿಪಾಯಿಗಳು ಸಾಲಾಗಿ ನಿಲ್ಲುವ ನಕ್ಷೆಗಳು. ಖಾಲಿ ಜಾಗದಲ್ಲೆಲ್ಲ ಪೆನ್ಸಿಲ್‌ನಲ್ಲಿ ಬಿಡಿಸಿದ ಸೀರೆಯ ಗೋಪುರದಂಚು, ಚೌಕಡಿ, ಎಳೆಗಳ ಎಣಿಕೆ. ಒಂದು ಅಂಚನ್ನಂತೂ ಬರೆದವನು ಮತ್ತೆ ಮತ್ತೆ ತಿದ್ದಿದ್ದ: ಗೋಪುರಗಳ ನಡುವೆ ಎದುರುಬದುರು ಕೂತ ಎರಡು ಗಿಳಿ. ಒಳರಟ್ಟಿನಲ್ಲಿ ಕನ್ನಡ ಅಕ್ಷರ: 'ನಾಗಪ್ಪ, ಬೀರಪ್ಪನ ಗುಡಿ ಓಣಿ, ನಾರಾಯಣಪೇಟೆ.'

ವಿರೂಪಣ್ಣ ಹೈದರಾಬಾದಿನ ಗಿರಾಕಿಯೊಬ್ಬರಿಗೆ ಫೋಟೋ ಕಳಿಸಿದ. ಅವರು ಸೈನ್ಯ, ಯುದ್ಧದ ಪುಸ್ತಕ ಮಾತ್ರ ಕೂಡಿಡುವವರು. ಹತ್ತೇ ನಿಮಿಷಕ್ಕೆ ಉತ್ತರ ಬಂತು. ಬಹಳ ರೇರ್, ತಕ್ಷಣ ಕಳಿಸಿ. ಆ ಗೀಚಿದ್ದನ್ನೆಲ್ಲ ಮೊದಲು ರಬ್ಬರಿನಿಂದ ಅಳಿಸಿಬಿಡಿ.

ವಿರೂಪಣ್ಣ ರಬ್ಬರ್ ಹುಡುಕಲಿಲ್ಲ. "ಮೊದಲ ನಾರಾಯಣಪ್ಯಾಟಿಗೆ ಹೋಗಿ ಬರೋಣು ಬರ್ರಿ," ಎಂದ. ನನಗೂ ಬೇರೆ ಕೆಲಸವಿರಲಿಲ್ಲ. (ಅಂಕಣಕಾರರಿಗೆ ಅದೊಂದು ಅನುಕೂಲ.)

ನಾರಾಯಣಪೇಟೆಯ ಆ ಓಣಿಯಲ್ಲಿ ನಾಗಪ್ಪನ ಮಗಳು ಸಿದ್ದಮ್ಮ ಸಿಕ್ಕರು. ಎಂಬತ್ತು ದಾಟಿದ್ದಾರೆ. ಮಗ್ಗಕ್ಕೆ ಈಗ ಸೊಸೆ ಕೂರುತ್ತಾಳೆ. ಪುಸ್ತಕ ತೆರೆದು ತೋರಿಸಿದೆವು. ಗಿಳಿಯ ಪುಟಕ್ಕೆ ಬಂದಾಗ ಅವರ ಬೆರಳು ನಿಂತಿತು.

"ಇದು ನಮ್ಮಪ್ಪನ ಕೈ ಐತಿ. ಎಲ್ಲಿ ಸಿಕ್ತು ನಿಮಗ? ಆ ಹೆಂಗಸಿನ ಮನ್ಯಾಗ?"

ಯಾವ ಹೆಂಗಸು?

ಸಿದ್ದಮ್ಮನೇ ಹೇಳಿದರು. ಅವರು ಕೂಸಾಗಿದ್ದಾಗ ನಾಗಪ್ಪ ಮನೆಯಲ್ಲಿ ಜಗಳವಾಡಿ ಊರು ಬಿಟ್ಟಿದ್ದ. ಆರು ವರ್ಷ ಸುದ್ದಿಯಿಲ್ಲ. ಮರಳಿ ಬಂದವನು ಮೊದಲು ನೇಯ್ದದ್ದು ಹೆಂಡತಿಗೊಂದು ಗಿಳಿಯಂಚಿನ ಸೀರೆ. ಎಲ್ಲಿದ್ದೆ ಎಂದರೆ ಮಾತಿಲ್ಲ. ಊರೇ ಉತ್ತರ ಹುಡುಕಿಕೊಂಡಿತು: ಗದ್ವಾಲಿನಲ್ಲಿ ಇನ್ನೊಬ್ಬಳಿದ್ದಾಳೆ. ನಾಗಪ್ಪ ಅಲ್ಲವೆನ್ನಲಿಲ್ಲ. ಮುಂದೆ ಗದ್ವಾಲಿನ ಆ ಸೀರೆ ಸಾಹುಕಾರರಲ್ಲಿ ಕೆಲಸಕ್ಕೆ ಹೋಗಿ ಬರತೊಡಗಿದಾಗ ಗುಮಾನಿ ಗಟ್ಟಿಯಾಯಿತು.

"ಅವ್ವ ಆ ಸೀರಿ ಒಂದಿನಾನೂ ಉಡಲಿಲ್ರಿ. ಅಕಿ ಮನ್ಯಾಗ ಕಲ್ತ ಗಿಳಿ ನನಗ್ಯಾಕ ಅಂತಿದ್ಲು."

ವಿರೂಪಣ್ಣ ಮೆಲ್ಲಗೆ ಹೇಳಿದ. "ಅವ್ರು ಫೌಜಿನ್ಯಾಗ ಇದ್ರಮ್ಮ. ಇದು ಸಾಹುಕಾರ್ರ ಮನ್ಯಾಗ ಸಿಕ್ಕಿದ್ದು, ಸಿಪಾಯಿಗಳ ಪುಸ್ತಕ. ನಿಜಾಮರ ರಾಜ್ಯ ಹೋದ ಮ್ಯಾಲ, ಅವರ ಫೌಜಿನ್ಯಾಗ ಇದ್ದೆ ಅಂತ ಹೇಳ್ಕೊಳ್ಳಾಕ ಆಗ್ತಿತ್ತೇನು?"

"ಹೆಂಡ್ತಿ ಮುಂದ ಹೇಳಾಕ ಏನಾಗಿತ್ತು?"

ಸಿದ್ದಮ್ಮನ ದನಿ ಏರಿತು. ಒಳಗೆ ಮಗ್ಗ ನಿಂತಿತು. "ಏಮೈಂದಿ ಅತ್ತಮ್ಮಾ?" ಏನಾಯಿತೆಂದು ತೆಲುಗಿನಲ್ಲಿ ಕೇಳುತ್ತ ಸೊಸೆ ಹೊರಬಂದಳು.

ಸಿದ್ದಮ್ಮ ಟ್ರಂಕು ತೆರೆದು ಅವ್ವ ಉಡದ ಆ ಸೀರೆ ತೆಗೆದರು. ಮಡಿಕೆಗಳಲ್ಲಿ ಅದು ಸವೆದಿತ್ತು. ಅದರ ಅಂಚನ್ನು ಪುಟದ ಪಕ್ಕ ಹಾಸಿದರು. ಅದೇ ಗೋಪುರ, ಅದೇ ಗಿಳಿ. ಹೆಂಡತಿಯ ಸೀರೆಯನ್ನು ಅವನು ಬ್ಯಾರಕ್ಕಿನಲ್ಲಿ ಕೂತೇ ಯೋಚಿಸಿದ್ದ.

ಸಿದ್ದಮ್ಮ ಅಳಲಿಲ್ಲ. ಪುಸ್ತಕವನ್ನು ಸೊಸೆಯ ಕೈಗಿಟ್ಟು, "ಈ ಗಿಳಿ ಅಂಚು ಮಗ್ಗಕ್ಕ ಹಾಕವ್ವ. ಎಳಿ ಎಷ್ಟಂತ ಅದ್ರಾಗ ಬರ್ದಾನ," ಎಂದರು.

ವಿರೂಪಣ್ಣ ಬರಿಗೈಯಲ್ಲಿ ಬಸ್ ಹತ್ತಿದ. ಹೈದರಾಬಾದಿಗೆ ಫೋನ್ ಮಾಡಿ, "ಪುಸ್ತಕ ಅದರ ಮನಿಗೆ ಹೋತ್ರಿ," ಎಂದಷ್ಟೇ ಹೇಳಿದ. ಆ ಕಡೆಯವರು ಬಹಳ ಹೊತ್ತು ರೇಗಿದರು.

ಗಂಡಸು ಇನ್ನೊಬ್ಬಳನ್ನು ಇಟ್ಟುಕೊಂಡರೆ ಊರು ಕ್ಷಮಿಸುತ್ತದೆ, ತಪ್ಪು ಸೈನ್ಯದಲ್ಲಿದ್ದರೆ ಕ್ಷಮಿಸುವುದಿಲ್ಲ ಎಂದು ನಾಗಪ್ಪನಿಗೆ ಗೊತ್ತಿದ್ದಿರಬೇಕು. ಊರಿನ ಕ್ಷಮೆಯೇನೋ ಸಿಕ್ಕಿತು.

ಅವನ ಹೆಂಡತಿಯನ್ನು ಯಾರು ಕೇಳಿದರು?