ಚಪ್ಪಲಿಯ ಪಕ್ಕದ ಕಣ್ಣು

ಗಿರಿಜಕ್ಕ ಯಾರ ಮನೆಗೆ ಹೋದರೂ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ತಮ್ಮ ಫೋನಿನ ಕ್ಯಾಮೆರಾವನ್ನು ಕಳಚಿ ಆ ಚಪ್ಪಲಿಯ ಪಕ್ಕದಲ್ಲೇ ಇಟ್ಟು ಒಳಗೆ ಬರುತ್ತಿದ್ದರು. ಅವರದು ಬಿಡಿಬಿಡಿಯಾಗಿ ಕಳಚಿ ಜೋಡಿಸುವಂಥ ಫೋನು. ಕ್ಯಾಮೆರಾ, ಸ್ಪೀಕರು, ಮೈಕು, ಬ್ಯಾಟರಿ, ಎಲ್ಲವೂ ಬೇರೆ ಬೇರೆ ತುಂಡು; ಉಗುರಿನಿಂದ ಮೀಟಿದರೆ ಟಕ್ಕೆಂದು ಹೊರಬರುತ್ತಿದ್ದವು. ಗಿರಿಜಕ್ಕನ ಭಾಷೆಯಲ್ಲಿ ಅವು ಕಣ್ಣು, ಕಿವಿ, ಬಾಯಿ, ಹೊಟ್ಟೆ.

"ಆ ಕಣ್ಣನ್ನ ಯಾರಾದ್ರೂ ಎತ್ಕೊಂಡು ಹೋದ್ರೆ ಏನ್ ಮಾಡ್ತೀರಿ?" ಎಂದು ಒಮ್ಮೆ ಕೇಳಿದ್ದೆ.

"ಹೋಗ್ಲಿ ಬಿಡು ಲಲಿತ. ನಾ ಮಾತಾಡ್ಸಾಕೆ ಬಂದೀನಿ, ನಿಮ್ಮನಿ ನೋಡಾಕಲ್ಲ. ಕೇಳಿದ್ದು ಮರೀಬಹುದು, ನೋಡಿದ್ದು ಮರಿಯಾಕಾಗಲ್ಲ."

ಅವರು ಹರಿಹರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಜಗಳ, ಸಂಬಂಧ, ಸಾವು ಎಲ್ಲವೂ ಅವರ ಕಿವಿಯ ಮೇಲೆಯೇ ಹಾದುಹೋಗಿದ್ದವು. ಒಬ್ಬರ ಗುಟ್ಟನ್ನೂ ಬಾಯಿಬಿಟ್ಟವರಲ್ಲ. ಸರಸ್ವತಿ ನಗರದಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಹಾಗೇ ಇದ್ದರು. ನಮ್ಮ ಬೀದಿಯಲ್ಲಿ ಅದು ಸಣ್ಣ ಗುಣವೇನಲ್ಲ. ನಾನಂತೂ ಅವರ ಹತ್ತಿರ ಹೇಳಬಾರದ್ದನ್ನೆಲ್ಲ ಹೇಳಿಕೊಂಡಿದ್ದೇನೆ.

ಅವರ ತಂಗಿ ಶಾರದಮ್ಮನನ್ನು ಹದಡಿ ಹಳ್ಳಿಗೆ ಕೊಟ್ಟಿತ್ತು. ತಂಗಿಗೂ ಅಂಥದ್ದೇ ಫೋನು ಕೊಡಿಸಿದ್ದರು. ಹಿಂದೆ ರವಿಕೆ ಬದಲಾಯಿಸಿಕೊಂಡಂತೆ ಈ ಅಕ್ಕತಂಗಿಯರು ಫೋನಿನ ತುಂಡುಗಳನ್ನು ಬದಲಾಯಿಸಿಕೊಳ್ಳುತ್ತಿದ್ದರು. ಬಾಯಿಯನ್ನು, ಅಂದರೆ ಮೈಕನ್ನು, ಮಾತ್ರ ಶಾರದಮ್ಮ ಕೊಡುತ್ತಿರಲಿಲ್ಲ. ಅದು ಒಮ್ಮೆ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದಿತ್ತು. ಆಮೇಲಿಂದ ಅದರಲ್ಲಿ ಮಾತಾಡಿದರೆ ಮಾತಿನ ಹಿಂದೆ ಸಣ್ಣ ಸೀಟಿಯಂಥ ಸದ್ದು ಬರುತ್ತಿತ್ತು. ಹರಿಹರದಲ್ಲಿ ಅಣ್ಣನ ಮನೆಯಲ್ಲಿದ್ದ ಅವರ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಆ ಸೀಟಿ ಕೇಳಿದ ಕೂಡಲೇ ಅಜ್ಜಿ "ಶಾರದಿ" ಎನ್ನುತ್ತಿದ್ದರಂತೆ.

ಶಾರದಮ್ಮ ಎದೆನೋವು ಬಂದು ಹೋಗಿಬಿಟ್ಟರು. ಆಗ ಅಜ್ಜಿ ಸೊಂಟ ಮುರಿದುಕೊಂಡು ಮಲಗಿದ್ದರು. ಸುದ್ದಿ ಕೇಳಿದರೆ ಅವರೂ ಉಳಿಯುವುದಿಲ್ಲವೆಂದು ಮನೆಯವರೆಲ್ಲ ಸೇರಿ ಮುಚ್ಚಿಟ್ಟರು. ಆದರೆ ದಿನಾ ಸಂಜೆ ಫೋನು ಮಾಡುತ್ತಿದ್ದ ಮಗಳು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಅಜ್ಜಿ ಸುಮ್ಮನಿರುತ್ತಾರೆಯೇ? ಗಿರಿಜಕ್ಕ ತಂಗಿಯ ಫೋನಿನ ಬಾಯಿಯನ್ನು ತಂದು ತಮ್ಮ ಫೋನಿಗೆ ಜೋಡಿಸಿಕೊಂಡರು. ದಿನಾ ದೀಪ ಹಚ್ಚುವ ಹೊತ್ತಿಗೆ ಶಾರದಿಯಾಗಿ ತಾಯಿಗೆ ಫೋನು ಮಾಡತೊಡಗಿದರು.

ಒಂದು ಸಂಜೆ ನಾನು ಅಲ್ಲೇ ಇದ್ದೆ. "ಯವ್ವ, ಉಂಡ್ಯಾ? ಇಲ್ಲಿ ಮೆಕ್ಕೆಜೋಳ ಒಣಗಾಕೀವಿ" ಎಂದು ಹದಡಿಯ ಅಂಗಳದಲ್ಲಿ ನಿಂತವರಂತೆಯೇ ಹೇಳುತ್ತಿದ್ದರು. ಮಾತು ಮುಗಿಸಿ, ಆ ತುಂಡನ್ನು ಕಳಚಿ, ನನ್ನ ಕಡೆ ತಿರುಗಿ, "ಚಾ ಕುಡಿತೀರೇನ್ರಿ ಟೀಚರ್?" ಎಂದರು. ನನ್ನನ್ನು ಟೀಚರ್ ಎನ್ನುತ್ತಿದ್ದವರು ಶಾರದಮ್ಮ. ಗಿರಿಜಕ್ಕನಿಗೆ ನಾನು ಯಾವತ್ತೂ ಬರೀ ಲಲಿತ.

ಅವರಿಗೂ ಅದು ಗೊತ್ತಾಯಿತು. ಕಳಚಿದ ತುಂಡನ್ನು ದೂರ ಸರಿಸಿ, "ಸಾಕು ಲಲಿತ. ಹೆತ್ತಾಕಿಗೆ ಸುಳ್ಳು ಹೇಳೋದು ಇನ್ನು ನನ್ ಕೈಲಿ ಆಗಲ್ಲ. ಅಕಿ ಬಾಯಿ ತಗದ ಮ್ಯಾಲೂ ನನ್ ಬಾಯಿ ವಾಪಸ್ ಬರೋದು ತಡ ಆಗ್ತೈತೆ" ಎಂದರು.

ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಯ ಬಳಿ, ಮೈಮೇಲೆ ಬಂದದ್ದು ಬಿಟ್ಟುಹೋಗಲಿ ಎಂದು ಜನ ಹೊಳೆಯಲ್ಲಿ ಮಿಂದು ಉಟ್ಟ ಬಟ್ಟೆಯನ್ನು ಅಲ್ಲೇ ಬಿಡುತ್ತಾರೆ. ನಾವಿಬ್ಬರೂ ಅಲ್ಲಿಗೆ ಹೋದೆವು. ಗಿರಿಜಕ್ಕ ಬಟ್ಟೆಯ ಬದಲು ತಂಗಿಯ ಆ ತುಂಡನ್ನು ಬಿಟ್ಟರು. ಅದು ಮುಳುಗಿದ್ದನ್ನು ನಾನೇ ನೋಡಿದ್ದೇನೆ. ಅಜ್ಜಯ್ಯನಿಗೆ ಕೈಮುಗಿದು, ತಾಯಿಗೆ ನಿಜ ಹೇಳಲೆಂದು ಅಲ್ಲಿಂದ ನೇರವಾಗಿ ಹರಿಹರಕ್ಕೆ ಬಂದೆವು.

ಬಾಗಿಲಲ್ಲಿ ಎಂದಿನಂತೆ ಚಪ್ಪಲಿ, ಪಕ್ಕದಲ್ಲಿ ಕಣ್ಣು. ಒಳಗೆ ಇನ್ನೂ ದೀಪ ಹಚ್ಚಿರಲಿಲ್ಲ. ಗಿರಿಜಕ್ಕ ತಾಯಿಯ ಕಾಲು ಹಿಡಿದು ಎಲ್ಲವನ್ನೂ ಹೇಳಿ ಅತ್ತರು. ಅಜ್ಜಿ ಅಳಲಿಲ್ಲ.

"ನಂಗೆ ಗೊತ್ತೈತೆ ಬಿಡವ್ವ. ದೀಪ ಹಚ್ಚೋ ಹೊತ್ತಿಗೆ ಮಾಡ್ತಿದ್ದಾಕಿ ನೀನು. ಶಾರದಿ ನಿನಗಿಂತ ಮೊದ್ಲೇ ಮಾಡ್ತಾಳೆ. ಅಕ್ಕಗ ಹೇಳಬ್ಯಾಡ, ನೊಂದ್ಕೊಂತಾಳೆ ಅಂತ ಅಕೀನೇ ಅಂದ್ಲು. ಅದಕ್ಕ ಸುಮ್ನಿದ್ದೆ."

ದಿಂಬಿನ ಪಕ್ಕದಲ್ಲಿದ್ದ ಫೋನು ರಿಂಗಾಗಲಿಲ್ಲ. ಆದರೂ ಅಜ್ಜಿ ತಡಕಾಡಿ ಅದನ್ನೆತ್ತಿ ಕಿವಿಗಿಟ್ಟರು. "ಹ್ಞೂಂ, ಬಂದಾಳೆ. ಹೇಳಿದ್ಲು. ಅಳಬ್ಯಾಡ ಅಂತ ಹೇಳ್ತೀನಿ." ಫೋನು ಕಿವಿಯಿಂದ ತುಸು ಸರಿದಾಗ ಆ ಸಣ್ಣ ಸೀಟಿ ನನಗೂ ಕೇಳಿಸಿತು. ಕಿಟಕಿಯ ಗಾಳಿಯಿರಬೇಕು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕಿಟಕಿ ಮುಚ್ಚಿತ್ತು.

ಗಿರಿಜಕ್ಕ ಹೆದರಲಿಲ್ಲ. ಕಣ್ಣೊರೆಸಿಕೊಂಡು ತಾಯಿಯ ಪಕ್ಕ ಒತ್ತಿ ಕುಳಿತು, ಹಳೆಯ ಆಪರೇಟರಿನಂತೆ ತುಟಿ ಬಿಗಿದು ಕೇಳಿಸಿಕೊಳ್ಳತೊಡಗಿದರು. ನಾನು ಹೊರಟಾಗ ಬಾಗಿಲವರೆಗೆ ಬಂದು, ಚಪ್ಪಲಿಯ ಪಕ್ಕದ ಕಣ್ಣನ್ನು ಎತ್ತಿ ನನ್ನ ಕೈಗಿಟ್ಟರು.

"ಇದನ್ನ ನೀ ಇಟ್ಕ. ನಂಗಿನ್ನು ನೋಡೋದೇನಿಲ್ಲ, ಕೇಳೋದಷ್ಟೇ."

ಅದೇ ಕೊನೆಯ ಭೇಟಿ. ಅವರು ಸರಸ್ವತಿ ನಗರಕ್ಕೆ ಮರಳಲಿಲ್ಲ. ಅಜ್ಜಿ ಹೋದ ಸುದ್ದಿ ಬಂತು. ಆ ಮಳೆಗಾಲ ಮುಗಿಯುವ ಮೊದಲೇ ಗಿರಿಜಕ್ಕನದೂ ಬಂತು. ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯವರೇ. ಆದರೆ ಹೇಳಬಾರದ್ದನ್ನು ಹೇಳಿಕೊಳ್ಳಲು ನನಗೆ ಯಾರೂ ಉಳಿದಿಲ್ಲ.

ಆ ಕಣ್ಣು ನಮ್ಮ ಹೊಸ್ತಿಲಾಚೆ, ಚಪ್ಪಲಿ ಬಿಡುವ ಜಾಗದಲ್ಲೇ ಇದೆ. ಒಳಗೆ ತರಲು ನನಗೆ ಧೈರ್ಯ ಸಾಲದು. ಆದರೆ ಕೆಲವು ಸಂಜೆ, ದೀಪ ಹಚ್ಚುವ ಮುಂಚೆ, ನನ್ನ ಫೋನನ್ನು ಕಿವಿಗಿಟ್ಟುಕೊಂಡು ಕೂರುತ್ತೇನೆ. ಅದು ರಿಂಗಾಗಿರುವುದಿಲ್ಲ.