ಮೊದಲು ಕೈ, ಆಮೇಲೆ ಸೂಜಿ

1941ರ ಚಳಿಗಾಲ. ಆ ಬುಧವಾರ ಬೆಳಿಗ್ಗೆ ಫಕೀರಪ್ಪ ಎರಡು ರೊಟ್ಟಿ ತಿಂದ, ಚಟ್ನಿಗೆ ಖಾರ ಸಾಲದು ಅಂದ. ಹೆಂಡತಿ ಕಲ್ಲವ್ವ ಒಂದು ಹಸಿಮೆಣಸಿನಕಾಯಿ ಅವನ ತಾಟಿಗೆ ಹಾಕಿದಳು. ಬೇರೆ ದಿನದ ಹಾಗೇ ಅದೂ ಒಂದು ದಿನ.

ಧಾರವಾಡದ ಕಡೆಯಿಂದ ಬಂದ ಇವರು ಪುಣೆಯ ಖಡಕಿ ಆಚೆ ಒಂದು ಹಂದಿ ಫಾರ್ಮಿನಲ್ಲಿದ್ದರು. ಬ್ರಿಟಿಷ್ ದಂಡಿನ ಗೋರಾ ಸಿಪಾಯಿಗಳ ಊಟಕ್ಕೆ ಮಾಂಸ ಅಲ್ಲಿಂದಲೇ ಹೋಗುತ್ತಿತ್ತು. ಹಂದಿಗಳ ಹೆರಿಗೆ ನೋಡುವುದು ಫಕೀರಪ್ಪನ ಕೆಲಸ. ಹದಿನಾರು ವರ್ಷ ಅದನ್ನೇ ಮಾಡಿದ. ಸ್ವಂತ ಮಗು ಇರಲಿಲ್ಲ.

ಹೆರಿಗೆ ನೋವು ನಡುವೆಯೇ ನಿಂತ ಹಂದಿಗೆ ಅಂತ ದನದ ಡಾಕ್ಟರು ಒಂದು ಔಷಧಿ ಕೊಟ್ಟಿದ್ದರು. ಚುಚ್ಚಿದರೆ ಗರ್ಭ ಹಿಂಡುತ್ತದೆ, ಮರಿ ಹೊರಬೀಳುತ್ತದೆ. ಕಡಿದ ದನದ ತಲೆಯೊಳಗಿನ ಗ್ರಂಥಿಯಿಂದ ತೆಗೆದ ರಸ ಅದು.

‘ಸತ್ತದ್ದು ಬಂದು ಹಡಿಸ್ತದೇನ್ರಿ?’ ಕಲ್ಲವ್ವ ಕೇಳಿದ್ದಳು.

‘ಹೂಂ. ಜೀವಂತ ಇರೋ ನಿನಗಿಂತ ಛಲೋ ಕೆಲಸ ಮಾಡ್ತದ.’

ಅವನದೊಂದು ಕಟ್ಟಳೆ ಇತ್ತು: ಮೊದಲು ಕೈ, ಆಮೇಲೆ ಸೂಜಿ. ಎಣ್ಣೆ ಹಚ್ಚಿದ ಕೈ ಒಳಗೆ ಹಾಕಿ, ಮರಿ ಅಡ್ಡ ಬಿದ್ದಿಲ್ಲ ಅಂತ ಗೊತ್ತಾದ ಮೇಲೇ ಚುಚ್ಚುವುದು.

ಆ ಮಧ್ಯಾಹ್ನ ಕರಿ ಹಂದಿ ಐದು ಮರಿ ಹಾಕಿತು, ಆರನೆಯದಕ್ಕೆ ನೋವು ನಿಂತುಬಿಟ್ಟಿತು. ಎರಡು ತಾಸು ಕಲ್ಲವ್ವನನ್ನೇ ನೋಡುತ್ತ ಮಲಗಿತ್ತು. ರೆಪ್ಪೆ ಬಡಿಯಲಿಲ್ಲ.

‘ಚುಚ್ಚಿಬಿಡ್ರಿ. ನನಗ ನೋಡಲಿಕ್ಕಾಗೂದಿಲ್ಲ.’

‘ಕೈ ಹಾಕಬೇಕು, ತಡಿ.’

‘ಯಾವಾಗಲೂ ನಿಮ್ಮ ಕೈನೇ ಶಾಣ್ಯಾ ಏನ್ರಿ? ಚುಚ್ರಿ ಅಂದೆ.’

ಅವನು ನಕ್ಕು ಚುಚ್ಚಿದ.

ಮರಿ ಅಡ್ಡ ಇತ್ತು. ಗರ್ಭ ಹಿಂಡತೊಡಗಿತು, ಹೊರಬರಲು ದಾರಿಯಿಲ್ಲ. ಅವನು ಕೈ ಹಾಕಿ ಮರಿಯನ್ನು ತಿರುಗಿಸಿದ. ಕೈ ತೆಗೆಯುವಷ್ಟರಲ್ಲಿ ಹಂದಿ ಎದ್ದು ಅವನನ್ನು ಗೂಡಿನ ಮೂಲೆಗೆ ಒತ್ತಿ ತೊಡೆ ಕಚ್ಚಿತು.

ಗಾಯಕ್ಕೆ ನಂಜೇರಿತು. ನಾಲ್ಕು ದಿನ ಅವನಿಗೆ ಮಾತು ಬರಲಿಲ್ಲ. ‘ನನ್ನ ತಪ್ಪೇನ್ರಿ?’ ಅಂತ ಅವಳು ಕೇಳಿದಳು. ಅವನು ನೋಡಿದ, ಆ ಹಂದಿ ನೋಡಿದ ಹಾಗೇ. ಐದನೆಯ ದಿನ ತೀರಿಹೋದ.

ಹಂದಿ ಬದುಕಿತು, ಮರಿಗಳೂ ಬದುಕಿದವು. ಫಾರ್ಮಿನವರು ಕಲ್ಲವ್ವನನ್ನು ಹಂದಿ ಗೂಡಿನ ಕಸ ಬಳಿಯುವ ಕೆಲಸಕ್ಕೆ ಇಟ್ಟುಕೊಂಡರು.

‘ಊರಿಗೆ ಹೋಗಬಾರದೇನವಾ?’ ಅಂದಳು ಪಕ್ಕದ ಮನೆಯ ಕಾಶವ್ವ.

‘ನಾ ಕೇಳಿದ್ದಕ್ಕ ಅವರು ಇನ್ನೂ ಏನೂ ಹೇಳಿಲ್ಲ’ ಅಂದಳು ಕಲ್ಲವ್ವ.

ಕರಿ ಹಂದಿ ಫಕೀರಪ್ಪನನ್ನು ಒತ್ತಿದ ಆ ಮೂಲೆಯಲ್ಲಿ ಮಲಗುವುದಿಲ್ಲ. ಮರಿಗಳೂ ಅತ್ತ ಸುಳಿಯುವುದಿಲ್ಲ. ಒಬ್ಬ ಮನುಷ್ಯ ಕೂಡುವಷ್ಟು ಜಾಗ ಬಿಟ್ಟು ಮಲಗುತ್ತವೆ. ಕಲ್ಲವ್ವ ದಿನಾ ಬೆಳಿಗ್ಗೆ ಅಲ್ಲಿಯೂ ಒಣ ಹುಲ್ಲು ಹಾಸುತ್ತಾಳೆ. ಹಾಸುವ ಮುಂಚೆ ನಿನ್ನೆಯದನ್ನು ಎತ್ತಬೇಕು. ಅದು ನಡುವೆ ತಗ್ಗಾಗಿರುತ್ತದೆ. ಮುಟ್ಟಿದರೆ ಬೆಚ್ಚಗಿರುತ್ತದೆ.